ಅನಾಮಧೇಯ ಇ-ಮೇಲ್ ಜಾಲಗಳು: ನಿರ್ವಹಣೆಯ ಹೊರೆ ಮತ್ತು ಅದರ ಹಂಚಿಕೆ

ಪೀಠಿಕೆ

ಸಹಿ ಇಲ್ಲದ ಕಾಗದಕ್ಕೆ ವ್ಯಾಪಾರದಲ್ಲಿ ಬೆಲೆ ಇಲ್ಲ. ಹುಂಡಿಯಾಗಲಿ, ರಸೀದಿಯಾಗಲಿ, ಕರಾರುಪತ್ರವಾಗಲಿ ಹೆಸರು ಮತ್ತು ಸಹಿಯಿಂದಲೇ ಬಲ ಪಡೆಯುತ್ತದೆ. ಆದರೆ ಹೆಸರಿಲ್ಲದ ಪತ್ರಗಳನ್ನು ಸಂಪೂರ್ಣವಾಗಿ ಅಲಕ್ಷಿಸುವಂತೆಯೂ ಇಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯ ಸ್ವತಂತ್ರ ನಿರ್ದೇಶಕರೊಬ್ಬರಿಗೆ 2008ರ ಡಿಸೆಂಬರ್ ತಿಂಗಳಲ್ಲಿ ಕಲ್ಪಿತ ಹೆಸರಿನಿಂದ ಒಂದು ಇ-ಮೇಲ್ ಬಂದಿತ್ತು. ಕಂಪನಿಯ ಲೆಕ್ಕಪತ್ರಗಳಲ್ಲಿ ವಂಚನೆ ಇದೆ ಎಂಬುದು ಅದರ ಸಾರಾಂಶ. ಕೆಲವೇ ವಾರಗಳಲ್ಲಿ, ಅಂದರೆ 2009ರ ಜನವರಿ 7ರಂದು, ಸಂಸ್ಥೆಯ ಅಧ್ಯಕ್ಷರೇ ಲೆಕ್ಕಗಳನ್ನು ಸಾವಿರಾರು ಕೋಟಿ ರೂಪಾಯಿಗಳಷ್ಟು ಉಬ್ಬಿಸಿದ್ದನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರು.

ಹೆಸರು ಮರೆಸಿ ಬರೆಯಬಯಸುವ ವ್ಯಕ್ತಿಯ ಪತ್ರವನ್ನು ಯಾರಾದರೂ ಹೊತ್ತು ತಲುಪಿಸಲೇಬೇಕು. ಆ ಹೊತ್ತೊಯ್ಯುವ ಕೆಲಸಕ್ಕೆ ಯಂತ್ರ, ಹಣ, ಸಮಯ ಮತ್ತು ಧೈರ್ಯ ಬೇಕಾಗುತ್ತವೆ. ಈ ಉದ್ದೇಶಕ್ಕಾಗಿಯೇ ಪಾಶ್ಚಾತ್ಯ ರಾಷ್ಟ್ರಗಳಲ್ಲಿ ಸ್ಥಾಪಿತವಾದ ಅನಾಮಧೇಯ ಇ-ಮೇಲ್ ಜಾಲಗಳ ಕಾರ್ಯವಿಧಾನವನ್ನೂ, ಅವುಗಳ ಹೊರೆಯನ್ನು ಯಾರು ಹೊತ್ತರು, ಹೇಗೆ ಹಂಚಿಕೊಂಡರು ಎಂಬುದನ್ನೂ ಲೆಕ್ಕಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೂರುಪೆಟ್ಟಿಗೆ ಅಥವಾ ಜಾಗೃತ ವ್ಯವಸ್ಥೆಯನ್ನು ನಡೆಸಬೇಕಾದ ನಮ್ಮ ಸದಸ್ಯ ಸಂಸ್ಥೆಗಳಿಗೆ ಈ ಅಧ್ಯಯನದಿಂದ ಪ್ರಯೋಜನವಿದೆ.

ರಿಮೇಲರ್ ಎಂದರೇನು?

ಸಾಮಾನ್ಯ ಇ-ಮೇಲ್‌ನಲ್ಲಿ ಕಳುಹಿಸಿದವರ ವಿಳಾಸ ಮತ್ತು ಸಾಗಿ ಬಂದ ದಾರಿಯ ವಿವರಗಳು ತಲೆಬರಹದಲ್ಲಿ ದಾಖಲಾಗುತ್ತವೆ. ಈ ವಿವರಗಳನ್ನು ಅಳಿಸಿ, ಪತ್ರವನ್ನು ಮಾತ್ರ ಮುಂದಕ್ಕೆ ರವಾನಿಸುವ ಗಣಕಯಂತ್ರಕ್ಕೆ ರಿಮೇಲರ್ ಎಂದು ಹೆಸರು. ಇದರ ಶಾಸ್ತ್ರೀಯ ತಳಹದಿಯನ್ನು ಹಾಕಿದವರು ಅಮೆರಿಕದ ಗಣಕ ವಿಜ್ಞಾನಿ ಡೇವಿಡ್ ಚೌಮ್. 1981ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳನ್ನು ಲಕೋಟೆಯ ಉದಾಹರಣೆಯಿಂದ ತಿಳಿಯಬಹುದು. ಒಂದು ಪತ್ರವನ್ನು ಲಕೋಟೆಯಲ್ಲಿಟ್ಟು, ಆ ಲಕೋಟೆಯನ್ನು ಇನ್ನೊಂದರಲ್ಲಿ, ಅದನ್ನು ಮತ್ತೊಂದರಲ್ಲಿ ಇಡಲಾಗುತ್ತದೆ. ಮೊದಲ ಮಧ್ಯವರ್ತಿಯು ಹೊರ ಲಕೋಟೆಯನ್ನು ಮಾತ್ರ ಒಡೆಯಬಲ್ಲನು. ಒಳಗಿನದನ್ನು ಎರಡನೆಯವನಿಗೆ ತಲುಪಿಸುತ್ತಾನೆ. ಮೊದಲನೆಯವನಿಗೆ ಕಳುಹಿಸಿದವರು ಗೊತ್ತು, ಆದರೆ ತಲುಪಬೇಕಾದವರು ಗೊತ್ತಿಲ್ಲ. ಕೊನೆಯವನಿಗೆ ತಲುಪಬೇಕಾದವರು ಗೊತ್ತು, ಕಳುಹಿಸಿದವರು ಗೊತ್ತಿಲ್ಲ. ಎರಡನ್ನೂ ಬಲ್ಲವರು ಯಾರೂ ಇರುವುದಿಲ್ಲ. ಇಲ್ಲಿ ಲಕೋಟೆಯ ಕೆಲಸವನ್ನು ಗೂಢಲಿಪಿ ಮಾಡುತ್ತದೆ.

ಒಬ್ಬನೇ ಹೊತ್ತ ಹೊರೆ: ಫಿನ್‌ಲೆಂಡಿನ ಪ್ರಕರಣ

ಈ ಸೇವೆ ಮೊದಲು ಜನಪ್ರಿಯವಾದದ್ದು ಚೌಮ್ ಅವರ ಮಾದರಿಯಲ್ಲಿ ಅಲ್ಲ, ಅದಕ್ಕಿಂತ ಸರಳವಾದ ರೂಪದಲ್ಲಿ. ಫಿನ್‌ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ ಅವರು 1990ರ ದಶಕದ ಆರಂಭದಲ್ಲಿ 'ಅನಾನ್ ಡಾಟ್ ಪೆನೆಟ್' ಎಂಬ ಉಚಿತ ಸೇವೆಯನ್ನು ತೆರೆದರು. ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಅವರ ಯಂತ್ರದಲ್ಲಿ. ಪಟ್ಟಿ ಇದ್ದುದರಿಂದ ಉತ್ತರಗಳನ್ನು ಮರಳಿ ತಲುಪಿಸುವುದು ಸುಲಭವಾಯಿತು. ಕಾಲಕ್ರಮೇಣ ಬಳಕೆದಾರರ ಸಂಖ್ಯೆ 5 ಲಕ್ಷವನ್ನು ಮೀರಿತು. ಸೇವೆಯನ್ನು ನಡೆಸುತ್ತಿದ್ದವರು ಮಾತ್ರ ಒಬ್ಬರೇ.

ಅನುಕೂಲಕ್ಕಾಗಿ ಇಟ್ಟ ಆ ಪಟ್ಟಿಯೇ ಮುಂದೆ ಆಪತ್ತಾಯಿತು. 1995ರಲ್ಲಿ ಚರ್ಚ್ ಆಫ್ ಸೈಂಟಾಲಜಿ ಸಂಸ್ಥೆಯು ತನ್ನ ದಾಖಲೆಗಳನ್ನು ಬಹಿರಂಗಪಡಿಸಲಾಗಿದೆ ಎಂದು ದೂರಿತು. ಫಿನ್‌ಲೆಂಡಿನ ಪೊಲೀಸರು ಶೋಧನಾ ಆದೇಶದೊಂದಿಗೆ ಬಂದರು. ಹೆಲ್ಸಿಂಗಿಯಸ್ ಒಬ್ಬ ಬಳಕೆದಾರನ ವಿಳಾಸವನ್ನು ಒಪ್ಪಿಸಬೇಕಾಯಿತು. 1996ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಅವರ ಸೇವೆಯ ಮೂಲಕ ಮಕ್ಕಳ ಅಶ್ಲೀಲ ಚಿತ್ರಗಳು ಸಾಗುತ್ತಿವೆ ಎಂದು ಆರೋಪಿಸಿತು. ಅದಕ್ಕೆ ಆಧಾರವಿಲ್ಲವೆಂದು ಫಿನ್‌ಲೆಂಡಿನ ಪೊಲೀಸರೇ ಹೇಳಿದರು. ಅದೇ ತಿಂಗಳು ಸೈಂಟಾಲಜಿಯ ಮತ್ತೊಂದು ಬೇಡಿಕೆಯ ಮೇರೆಗೆ ನ್ಯಾಯಾಲಯವು ಬಳಕೆದಾರರ ವಿವರ ನೀಡುವಂತೆ ಆದೇಶಿಸಿತು. ಅಂಚೆ ಪತ್ರಕ್ಕಿರುವ ಗೌಪ್ಯತೆಯ ರಕ್ಷಣೆ ಇ-ಮೇಲ್‌ಗೆ ಇದೆಯೇ ಎಂಬುದು ಅಂದಿನ ಅಲ್ಲಿಯ ಕಾನೂನಿನಲ್ಲಿ ಸ್ಪಷ್ಟವಿರಲಿಲ್ಲ. 1996ರ ಆಗಸ್ಟ್ 30ರಂದು ಹೆಲ್ಸಿಂಗಿಯಸ್ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು.

ಸೇವೆ ನಿಂತದ್ದು ವಿದ್ಯುತ್ ಬಿಲ್ಲಿನಿಂದಲೋ ಯಂತ್ರದ ಬೆಲೆಯಿಂದಲೋ ಅಲ್ಲ. ಸಂಭಾವ್ಯ ಹೊಣೆಗಾರಿಕೆಯ ಭಾರದಿಂದ. ಪಟ್ಟಿ ಇದ್ದ ಕಡೆ ಪಟ್ಟಿಯನ್ನು ಕೇಳುವವರು ಬಂದೇ ಬರುತ್ತಾರೆ. ಬ್ಯಾಲೆನ್ಸ್ ಶೀಟಿನ ಭಾಷೆಯಲ್ಲಿ ಹೇಳುವುದಾದರೆ, ಆಸ್ತಿಯ ಬದಿಯಲ್ಲಿ ಕಾಣುತ್ತಿದ್ದ ಪಟ್ಟಿಯು ವಾಸ್ತವವಾಗಿ ಜವಾಬ್ದಾರಿಯ ಬದಿಗೆ ಸೇರಿದ್ದಾಗಿತ್ತು.

ಹೊರೆ ಹಂಚುವ ತತ್ತ್ವ

'ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ' ಎಂಬುದು ನಮ್ಮ ಗಾದೆ. ಎರಡನೆಯ ಬಗೆಯ ಜಾಲಗಳು ಈ ಗಾದೆಯಂತೆಯೇ ನಡೆದವು. 1992ರಲ್ಲಿ ಎರಿಕ್ ಹ್ಯೂಸ್ ಮತ್ತು ಹಾಲ್ ಫಿನ್ನಿ ಪಟ್ಟಿಯನ್ನೇ ಇಡದ ರಿಮೇಲರ್‌ಗಳನ್ನು ರೂಪಿಸಿದರು. ಸ್ವಯಂಸೇವಕರು ಬೇರೆ ಬೇರೆ ಸ್ಥಳಗಳಲ್ಲಿ ಇಂತಹ ಯಂತ್ರಗಳನ್ನು ನಡೆಸಿದರು. ಪತ್ರವು ಎರಡು ಮೂರು ಯಂತ್ರಗಳ ಸರಪಳಿಯ ಮೂಲಕ ಸಾಗುತ್ತಿತ್ತು. ಅನಂತರ 1990ರ ದಶಕದ ಮಧ್ಯಭಾಗದಲ್ಲಿ ಲ್ಯಾನ್ಸ್ ಕಾಟ್ರೆಲ್ ಅವರ 'ಮಿಕ್ಸ್‌ಮಾಸ್ಟರ್' ಬಂದಿತು. ಇದರಲ್ಲಿ ಎಲ್ಲ ಪೊಟ್ಟಣಗಳೂ ಒಂದೇ ಗಾತ್ರದವು. 512 ಬೈಟ್‌ಗಳ 20 ತಲೆಭಾಗಗಳು, 10,240 ಬೈಟ್‌ಗಳ ಒಡಲು, ಒಟ್ಟು 20,480 ಬೈಟ್‌ಗಳು. ಹತ್ತು ಪದಗಳ ಪತ್ರವೂ ಅಷ್ಟೇ ಜಾಗವನ್ನು ಹಿಡಿಯುತ್ತದೆ. ಬಂದ ಪೊಟ್ಟಣಗಳನ್ನು ಕೂಡಲೇ ಕಳುಹಿಸದೆ, ಸ್ವಲ್ಪಕಾಲ ಕೂಡಿಟ್ಟು, ಕ್ರಮ ಬದಲಿಸಿ ಬಿಡಲಾಗುತ್ತದೆ. ಗಾತ್ರದಿಂದಾಗಲಿ ಸಮಯದಿಂದಾಗಲಿ ಯಾವ ಪತ್ರ ಯಾರದೆಂದು ಹೊರಗಿನವರು ಗುರುತಿಸಬಾರದು ಎಂಬುದೇ ಇದರ ಉದ್ದೇಶ. 2003ರಲ್ಲಿ ಡಾನೆಜಿಸ್, ಡಿಂಗಲ್‌ಡೈನ್ ಮತ್ತು ಮ್ಯಾಥ್ಯೂಸನ್ ಅವರು ರೂಪಿಸಿದ 'ಮಿಕ್ಸ್‌ಮಿನಿಯನ್' ವಿನ್ಯಾಸದಲ್ಲಿ ಪಟ್ಟಿಯಿಲ್ಲದೆಯೇ ಉತ್ತರವನ್ನು ತಲುಪಿಸುವ ಏರ್ಪಾಡೂ ಸೇರಿತು.

ಹಂಚಿಕೆಯ ಲಾಭ ನಷ್ಟಗಳನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಜಾಲದಲ್ಲಿ 50 ರಿಮೇಲರ್‌ಗಳಿವೆ. ಅವುಗಳಲ್ಲಿ 10 ಒಳಗೊಳಗೇ ಕೈಜೋಡಿಸಿ ಗುಟ್ಟು ಬಿಟ್ಟುಕೊಡುವಂಥವು ಎಂದು ಭಾವಿಸಿ.

1. ಒಂದೇ ರಿಮೇಲರ್ ಬಳಸಿದರೆ ಗುಟ್ಟು ಬಯಲಾಗುವ ಸಂಭವ 50ರಲ್ಲಿ 10, ಅಂದರೆ ಶೇ. 20.

2. ಮೂರು ಬೇರೆ ಬೇರೆ ರಿಮೇಲರ್‌ಗಳ ಸರಪಳಿಯಲ್ಲಿ ಮೂರೂ ಕೆಟ್ಟವೇ ಆಗಿರುವ ಸಂಭವ ಶೇ. 0.6ರಷ್ಟು ಮಾತ್ರ.

3. ಆದರೆ ಪ್ರತಿ ರಿಮೇಲರ್ ನೂರಕ್ಕೆ 95 ಪತ್ರಗಳನ್ನು ಸರಿಯಾಗಿ ಸಾಗಿಸುತ್ತದೆ ಎಂದಾದರೆ, ಮೂರರ ಸರಪಳಿಯಲ್ಲಿ ಗುರಿ ತಲುಪುವುದು ಸುಮಾರು 86, ಐದರ ಸರಪಳಿಯಲ್ಲಿ ಸುಮಾರು 77 ಪತ್ರಗಳು.

4. ದಿನಕ್ಕೆ 10,000 ಪತ್ರಗಳು ಮೂರು ಯಂತ್ರಗಳ ಮೂಲಕ ಸಾಗಿದರೆ ಜಾಲದ ಒಟ್ಟು ಕೆಲಸ 30,000. ತಲಾ ಒಂದು ಯಂತ್ರಕ್ಕೆ ಸರಾಸರಿ 600.

ಗೌಪ್ಯತೆ ಹೆಚ್ಚಿದಂತೆ ವಿಶ್ವಾಸಾರ್ಹತೆ ಕುಗ್ಗುತ್ತದೆ, ಒಟ್ಟು ಖರ್ಚು ಏರುತ್ತದೆ. ಯಾವ ಯಂತ್ರ ಕೆಲಸ ಮಾಡುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬುದನ್ನು ತಿಳಿಯಲು ರಾಫ್ ಲೆವಿಯನ್ ಎಂಬವರು 1990ರ ದಶಕದಲ್ಲಿ ಎಲ್ಲ ರಿಮೇಲರ್‌ಗಳಿಗೂ ಪರೀಕ್ಷಾ ಪತ್ರಗಳನ್ನು ಕಳುಹಿಸಿ ಅಂಕಿ ಅಂಶಗಳನ್ನು ಪ್ರಕಟಿಸುತ್ತಿದ್ದರು. ಇದು ಜಾಲದ ಲೆಕ್ಕಪರಿಶೋಧನೆ ಇದ್ದಂತೆ. ಹೊರೆಯ ಈ ಪಾಲನ್ನೂ ಸ್ವಯಂಸೇವಕರೇ ಹೊತ್ತರು.

ಖರ್ಚಿನ ನಾಲ್ಕು ಶೀರ್ಷಿಕೆಗಳು

ಅನಾಮಧೇಯ ಜಾಲದ ವೆಚ್ಚವನ್ನು ನಾಲ್ಕು ಶೀರ್ಷಿಕೆಗಳ ಅಡಿಯಲ್ಲಿ ವಿಂಗಡಿಸಬಹುದು. ಮೊದಲನೆಯದು ಯಂತ್ರ ಮತ್ತು ಸಂಪರ್ಕದ ವೆಚ್ಚ. ಇದು ಸಾಮಾನ್ಯವಾಗಿ ಅಲ್ಪ. ಎರಡನೆಯದು ನಿರ್ವಾಹಕನ ಸಮಯ. ಮೂರನೆಯದು ದುರುಪಯೋಗವನ್ನು ನಿಭಾಯಿಸುವ ವೆಚ್ಚ: ಬೆದರಿಕೆ, ನಿಂದನೆ, ರಾಶಿ ಜಾಹೀರಾತುಗಳ ಬಗ್ಗೆ ಬರುವ ದೂರುಗಳಿಗೆ ಉತ್ತರಿಸುವುದು. ನಾಲ್ಕನೆಯದು ಕಾನೂನಿನ ಅಪಾಯ. ಮೊದಲನೆಯದನ್ನು ಹಣದಿಂದ ಅಳೆಯಬಹುದು; ಉಳಿದ ಮೂರನ್ನು ಅಳೆಯುವುದು ಕಷ್ಟ. ಜಾಲಗಳು ಸೋತದ್ದು ಈ ಮೂರರಲ್ಲೇ.

ಮೂರನೆಯ ಶೀರ್ಷಿಕೆಯ ಗಾಂಭೀರ್ಯವನ್ನು ಮೊದಲು ವಿಶದಪಡಿಸಿದವರಲ್ಲಿ ಅಮೆರಿಕದ ಎಂ.ಐ.ಟಿ.ಯ ಡೇವಿಡ್ ಮಾಜಿಯೆರ್ ಮತ್ತು ಫ್ರಾನ್ಸ್ ಕಾಶೂಕ್ ಸೇರಿದ್ದಾರೆ. ತಾವು ನಡೆಸಿದ ಗುಪ್ತನಾಮ ಸೇವೆಯ ಅನುಭವವನ್ನು ಅವರು 1998ರಲ್ಲಿ ಪ್ರಕಟಿಸಿದರು. ಅವರ ಪ್ರತಿಪಾದನೆಯ ಪ್ರಕಾರ, ಇಂತಹ ಸೇವೆಯ ವೈರಿಗಳು ಬಳಕೆದಾರರನ್ನು ಪತ್ತೆಹಚ್ಚಲೇಬೇಕೆಂದಿಲ್ಲ; ಸೇವೆಯನ್ನು ಬೇಕೆಂದೇ ದುರುಪಯೋಗಪಡಿಸಿ, ಗದ್ದಲ ಎಬ್ಬಿಸಿ, ನಿರ್ವಾಹಕನೇ ಬೇಸತ್ತು ಬಾಗಿಲು ಮುಚ್ಚುವಂತೆ ಮಾಡಿದರೆ ಸಾಕು. ಆದುದರಿಂದ ದುರುಪಯೋಗವನ್ನು ಕಡಿಮೆ ಮಾನವ ಶ್ರಮದಲ್ಲಿ ತಡೆಯುವ ನಿಯಮಗಳು ಗೂಢಲಿಪಿಯಷ್ಟೇ ಮುಖ್ಯ.

ಕೊನೆಯ ಕೊಂಡಿಯ ಕಷ್ಟ

ಸರಪಳಿಯಲ್ಲಿ ಎಲ್ಲ ಕೊಂಡಿಗಳ ಹೊರೆಯೂ ಸಮಾನವಲ್ಲ. ಪತ್ರವನ್ನು ಅಂತಿಮವಾಗಿ ತಲುಪಿಸುವ ಯಂತ್ರದ ವಿಳಾಸ ಮಾತ್ರ ಪಡೆದವರಿಗೆ ಕಾಣಿಸುತ್ತದೆ. ದೂರು, ನೋಟಿಸು, ಪೊಲೀಸರು ಎಲ್ಲರೂ ಬರುವುದು ಆ ಬಾಗಿಲಿಗೇ. ಈ ಕಾರಣದಿಂದ ಹಲವು ನಿರ್ವಾಹಕರು ತಮ್ಮ ಯಂತ್ರವನ್ನು ನಡುವಿನ ಕೊಂಡಿಯಾಗಿ ಮಾತ್ರ ನಡೆಸಿದರು. ಮೇಲಿನ ಉದಾಹರಣೆಯಲ್ಲಿ 50ರ ಪೈಕಿ 10 ಯಂತ್ರಗಳು ಮಾತ್ರ ಅಂತಿಮ ರವಾನೆಗೆ ಒಪ್ಪಿದರೆ, 10,000 ಪತ್ರಗಳ ಎಲ್ಲ ದೂರುಗಳೂ ಆ 10 ಮಂದಿಯ ಪಾಲಿಗೆ ಬರುತ್ತವೆ. ತಲಾ 1,000 ಪತ್ರಗಳ ಹೊಣೆ. ಸಾಗಣೆಯ ಹೊರೆ ಹಂಚಿಹೋದರೂ ಹೊಣೆಗಾರಿಕೆಯ ಹೊರೆ ಕೆಲವರ ಹೆಗಲ ಮೇಲೆಯೇ ಉಳಿಯಿತು.

2012ರ ಏಪ್ರಿಲ್ ಘಟನೆ ಇದಕ್ಕೆ ನಿದರ್ಶನ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸಾಲು ಸಾಲಾಗಿ ಬಾಂಬ್ ಬೆದರಿಕೆಗಳು ಬಂದವು. ಅವುಗಳಲ್ಲಿ ಹಲವು ರಿಮೇಲರ್ ಮೂಲಕ ಬಂದಿದ್ದವು. ಏಪ್ರಿಲ್ 18ರಂದು ಎಫ್.ಬಿ.ಐ. ಅಧಿಕಾರಿಗಳು ನ್ಯೂಯಾರ್ಕ್‌ನ ಕೇಂದ್ರವೊಂದರಿಂದ ಮಿಕ್ಸ್‌ಮಾಸ್ಟರ್ ನಡೆಯುತ್ತಿದ್ದ ಸರ್ವರ್ ಒಂದನ್ನು ಜಪ್ತಿ ಮಾಡಿದರು. ಅದೇ ಯಂತ್ರದಲ್ಲಿ ಸಂಬಂಧವೇ ಇಲ್ಲದ 300ಕ್ಕೂ ಹೆಚ್ಚು ಇ-ಮೇಲ್ ಖಾತೆಗಳೂ ಹಲವು ಜಾಲತಾಣಗಳೂ ಇದ್ದವು. ಅವೆಲ್ಲ ಒಮ್ಮೆಲೇ ಸ್ಥಗಿತಗೊಂಡವು. ದಾಖಲೆಗಳನ್ನೇ ಇಡದ ಯಂತ್ರವಾದ್ದರಿಂದ ಪತ್ತೆಗೆ ಬೇಕಾದ ಮಾಹಿತಿ ಅದರಲ್ಲಿ ಇರುವಂತಿರಲಿಲ್ಲ. ಕೆಲವು ದಿನಗಳ ನಂತರ ಅದನ್ನು ಹಿಂದಿರುಗಿಸಲಾಯಿತು. ಒಂದೆಡೆ ಬೆದರಿಕೆಗೆ ಗುರಿಯಾಗಿ ಪದೇ ಪದೇ ಕಟ್ಟಡ ತೆರವು ಮಾಡಬೇಕಾದ ವಿದ್ಯಾರ್ಥಿಗಳ ಸಂಕಟ. ಇನ್ನೊಂದೆಡೆ ತಪ್ಪಿಲ್ಲದೆ ಸೇವೆ ಕಳೆದುಕೊಂಡ ಖಾತೆದಾರರ ಸಂಕಟ. ಇವೆರಡನ್ನೂ ವೆಚ್ಚದ ಪಟ್ಟಿಯಲ್ಲಿ ಬರೆಯದೆ ಜಾಲದ ಲೆಕ್ಕ ಪೂರ್ಣವಾಗದು.

ಇಂದು ಇ-ಮೇಲ್ ರಿಮೇಲರ್‌ಗಳು ಬಹು ವಿರಳ. ಅವುಗಳ ತತ್ತ್ವವನ್ನು ಮುಂದುವರಿಸಿರುವುದು ಮುಖ್ಯವಾಗಿ 'ಟಾರ್' ಜಾಲ. ಅಲ್ಲಿಯೂ ಸಾವಿರಾರು ಸ್ವಯಂಸೇವಕ ಯಂತ್ರಗಳಿವೆ. ಅಲ್ಲಿಯೂ ಕೊನೆಯ ಕೊಂಡಿಯನ್ನು ನಡೆಸಲು ಮುಂದೆ ಬರುವವರು ಕಡಿಮೆ. ದಾನಿಗಳಿಂದ ಹಣ ಸಂಗ್ರಹಿಸಿ, ಕಾನೂನು ಬಲ್ಲ ನೋಂದಾಯಿತ ಸಂಘಗಳ ಮೂಲಕ ಅವನ್ನು ನಡೆಸುವ ಪದ್ಧತಿ ಬೆಳೆದಿದೆ. ವ್ಯಕ್ತಿಯೊಬ್ಬನ ಹೊಣೆಯನ್ನು ಸಂಸ್ಥೆಗೆ ವರ್ಗಾಯಿಸುವ ಈ ಕ್ರಮ ವಾಣಿಜ್ಯ ಕ್ಷೇತ್ರಕ್ಕೆ ಹೊಸದೇನಲ್ಲ.

ಉಚಿತ ಸವಾರರು ಹೊರೆಯೇ?

ಬಳಸುವವರು ಲಕ್ಷ, ಹೊರುವವರು ಬೆರಳೆಣಿಕೆಯಷ್ಟು ಮಂದಿ. ಬಳಕೆದಾರರಿಂದ ಶುಲ್ಕ ಪಡೆಯಬಾರದೇ ಎಂಬ ಪ್ರಶ್ನೆ ಸಹಜ. ತೊಡಕು ಏನೆಂದರೆ, ಹಣ ಪಾವತಿಯೇ ಗುರುತನ್ನು ಬಿಟ್ಟುಕೊಡುತ್ತದೆ. ಬ್ಯಾಂಕಿನ ಚೆಕ್ಕು, ಕ್ರೆಡಿಟ್ ಕಾರ್ಡು ಎಲ್ಲದರಲ್ಲೂ ಹೆಸರಿರುತ್ತದೆ. ಚೌಮ್ ಅವರೇ ಗುರುತಿಲ್ಲದ ವಿದ್ಯುನ್ಮಾನ ಹಣಕ್ಕಾಗಿ 'ಡಿಜಿಕ್ಯಾಶ್' ಎಂಬ ಕಂಪನಿಯನ್ನು ಸ್ಥಾಪಿಸಿದರು. ಅದು 1998ರಲ್ಲಿ ದಿವಾಳಿಯಾಯಿತು.

ಆದರೆ ಉಚಿತ ಸವಾರರು ಕೇವಲ ಹೊರೆಯಲ್ಲ ಎಂಬುದನ್ನು ಅಕ್ವಿಸ್ಟಿ, ಡಿಂಗಲ್‌ಡೈನ್ ಮತ್ತು ಸಿವರ್ಸನ್ ಅವರು 2003ರ ಪ್ರಬಂಧದಲ್ಲಿ ವಿವೇಚಿಸಿದ್ದಾರೆ. ಅನಾಮಧೇಯತೆಯನ್ನು ಯಾರೊಬ್ಬನೂ ತಾನೊಬ್ಬನೇ ಉತ್ಪಾದಿಸಿಕೊಳ್ಳಲಾರ. ಜಾತ್ರೆಯ ಗುಂಪಿನಲ್ಲಿ ಮರೆಯಾಗಬೇಕಾದರೆ ಗುಂಪು ಇರಬೇಕು. ಸಾಧಾರಣ ಪತ್ರ ಬರೆಯುವ ನೂರು ಜನ ಇದ್ದರೆ ಮಾತ್ರ ಅಪಾಯದಲ್ಲಿರುವ ಒಬ್ಬನ ಪತ್ರ ಅವರ ನಡುವೆ ಅಡಗಬಲ್ಲದು. ಹೀಗಾಗಿ ಗೌಪ್ಯತೆ ಅತ್ಯಗತ್ಯವಾದವರು ತಾವೇ ಯಂತ್ರ ನಡೆಸಿ ಇತರರಿಗೆ ಉಚಿತವಾಗಿ ಸೇವೆ ಒದಗಿಸುವುದರಲ್ಲಿ ಸ್ವಾರ್ಥವೂ ಇದೆ. ಸವಾರನೇ ಇಲ್ಲಿ ಮರೆಯನ್ನೂ ಒದಗಿಸುತ್ತಾನೆ.

ನಮ್ಮ ದೇಶದ ಕಾನೂನು

ಮಧ್ಯವರ್ತಿ ಸಂಸ್ಥೆಗಳಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಪ್ರಕರಣವು ರಕ್ಷಣೆ ನೀಡುತ್ತದೆ. ಆದರೆ ಅದು ಸೂಕ್ತ ಎಚ್ಚರಿಕೆ ವಹಿಸಬೇಕೆಂಬ ಷರತ್ತಿಗೆ ಒಳಪಟ್ಟಿದೆ. ಸಿ.ಇ.ಆರ್.ಟಿ.-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೇವಾ ಸಂಸ್ಥೆಗಳು, ಮಧ್ಯವರ್ತಿಗಳು ಮತ್ತು ಕಂಪನಿಗಳು ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು, ವಿ.ಪಿ.ಎನ್. ಸೇವೆಯವರು ಗ್ರಾಹಕರ ವಿವರಗಳನ್ನು 5 ವರ್ಷ ಕಾಯ್ದಿಡಬೇಕು. ಇದರ ಬೆನ್ನಲ್ಲೇ ಕೆಲವು ವಿದೇಶಿ ವಿ.ಪಿ.ಎನ್. ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಬಿಟ್ಟವು. ದಾಖಲೆ ಇಡದಿರುವುದೇ ರಿಮೇಲರ್‌ನ ಜೀವಾಳವಾದ್ದರಿಂದ, ನಮ್ಮಲ್ಲಿ ಸಾರ್ವಜನಿಕ ರಿಮೇಲರ್ ನಡೆಸುವುದು ಈ ನಿರ್ದೇಶನಗಳಿಗೆ ಎದುರಾಗುತ್ತದೆ. ಸದಸ್ಯ ಸಂಸ್ಥೆಗಳು ಅಂತಹ ಸಾಹಸಕ್ಕೆ ಕೈಹಾಕಬಾರದು.

ಇದರ ಜೊತೆಗೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿರುವುದನ್ನೂ ನೆನಪಿಡಬೇಕು. 2013ರ ಕಂಪನಿ ಕಾಯಿದೆಯ 177ನೆಯ ಪ್ರಕರಣವು ಲಿಸ್ಟೆಡ್ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು ಹಾಗೂ ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗಳಿಗೂ ಮೀರಿ ಸಾಲ ಪಡೆದ ಕಂಪನಿಗಳು ಜಾಗೃತ ವ್ಯವಸ್ಥೆಯನ್ನು ಸ್ಥಾಪಿಸಬೇಕೆಂದು ವಿಧಿಸುತ್ತದೆ. ದೂರಿದವರಿಗೆ ಕಿರುಕುಳವಾಗದಂತೆ ರಕ್ಷಣೆ ಇರಬೇಕೆಂದೂ ಹೇಳುತ್ತದೆ. 2020ರ ಕಾರೋ ಆದೇಶದಂತೆ, ವರ್ಷದಲ್ಲಿ ಬಂದ ಇಂತಹ ದೂರುಗಳನ್ನು ಪರಿಗಣಿಸಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕಾಗುತ್ತದೆ.

ಸದಸ್ಯ ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಮೇಲಿನ ಜಾಲಗಳ ಅನುಭವದಿಂದ ಈ ಕೆಳಗಿನ ಪಾಠಗಳನ್ನು ಕಲಿಯಬಹುದು.

1. ಬೇಡದ ಪಟ್ಟಿಯನ್ನು ಇಡಬಾರದು. ಕಂಪನಿಯ ಸ್ವಂತ ಇ-ಮೇಲ್ ವ್ಯವಸ್ಥೆಯಲ್ಲಿ ಕಳುಹಿಸಿದ ದೂರು ಎಂದಿಗೂ ಅನಾಮಧೇಯವಲ್ಲ. ಅದರ ದಾಖಲೆ ಸರ್ವರ್‌ನಲ್ಲಿ ಉಳಿಯುತ್ತದೆ, ಕಾನೂನಿನಂತೆ ಉಳಿಯಲೂ ಬೇಕು. ಹೆಸರು ಬೇಡದ ದೂರಿಗೆ ಅಂಚೆ ಪೆಟ್ಟಿಗೆಯಂತಹ ಪ್ರತ್ಯೇಕ ದಾರಿ ಇರಲಿ. ಇಲ್ಲದ ಗೌಪ್ಯತೆಯನ್ನು ಇದೆಯೆಂದು ಹೇಳಿ ನೌಕರನನ್ನು ನಂಬಿಸುವುದು ಅನ್ಯಾಯ.

2. ಕೆಲಸವನ್ನು ವಿಭಜಿಸಬೇಕು. ದೂರನ್ನು ಸ್ವೀಕರಿಸುವವರು ಮತ್ತು ತನಿಖೆ ನಡೆಸುವವರು ಬೇರೆ ಬೇರೆಯಾಗಿರಬೇಕು. ನಗದು ಮತ್ತು ಲೆಕ್ಕ ಒಬ್ಬರ ಕೈಯಲ್ಲಿ ಇರಬಾರದೆಂಬ ಹಳೆಯ ನಿಯಮವೇ ಇಲ್ಲಿಗೂ ಅನ್ವಯಿಸುತ್ತದೆ.

3. ಗುಂಪು ಇರಬೇಕು. ಮೂವರು ಇರುವ ವಿಭಾಗದಲ್ಲಿ ಯಾವ ತಂತ್ರಜ್ಞಾನವೂ ದೂರುದಾರನನ್ನು ಮರೆಮಾಡಲಾರದು. ಅದೇ ಪೆಟ್ಟಿಗೆಯನ್ನು ಸಲಹೆ, ಕ್ಯಾಂಟೀನಿನ ಅಹವಾಲು ಮುಂತಾದ ಎಲ್ಲಕ್ಕೂ ಬಳಸುವಂತೆ ಪ್ರೋತ್ಸಾಹಿಸಿದರೆ ಗಂಭೀರ ದೂರು ಸಾಧಾರಣ ಪತ್ರಗಳ ನಡುವೆ ಸುರಕ್ಷಿತವಾಗಿರುತ್ತದೆ.

4. ಆತುರ ಪಡಬಾರದು. ಪತ್ರ ಬಿದ್ದ ದಿನವೇ ವಿಚಾರಣೆಗೆ ಇಳಿದರೆ, ಅಂದು ಪೆಟ್ಟಿಗೆಯ ಬಳಿ ಹೋದವರಾರು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜೀವಕ್ಕೆ ಅಪಾಯವಿರುವ ವಿಷಯಗಳನ್ನು ಬಿಟ್ಟು ಉಳಿದವನ್ನು ವಾರಕ್ಕೊಮ್ಮೆ ಒಟ್ಟಿಗೆ ತೆರೆಯುವುದು ಒಳಿತು.

5. ದುರುಪಯೋಗದ ನಿಯಮಗಳನ್ನು ಮೊದಲೇ ಬರೆದಿಡಬೇಕು. ಆಧಾರವಿಲ್ಲದ ನಿಂದನೆಯನ್ನು ಬದಿಗಿರಿಸುವ, ದಾಖಲೆ ಸಂಖ್ಯೆ, ದಿನಾಂಕ, ಮೊತ್ತಗಳಿರುವ ದೂರನ್ನು ಪರಿಶೀಲಿಸುವ ಕ್ರಮ ಸ್ಪಷ್ಟವಾಗಿರಬೇಕು. ಸುಳ್ಳು ದೂರಿಗೆ ಗುರಿಯಾದವರ ಮಾನವನ್ನೂ ಕಾಪಾಡಬೇಕು.

ಸಣ್ಣ ಘಟಕಗಳಿಗೆ ಪ್ರತ್ಯೇಕ ವ್ಯವಸ್ಥೆ ದುಬಾರಿ. ಹಲವು ಘಟಕಗಳು ಸೇರಿ ಸ್ವತಂತ್ರ ಸಂಸ್ಥೆಯೊಂದರ ಮೂಲಕ ಜಂಟಿ ಸೇವೆ ಪಡೆಯಬಹುದು. ಗುಂಪು ದೊಡ್ಡದಾಗುವುದರಿಂದ ಗೌಪ್ಯತೆಯೂ ಹೆಚ್ಚುತ್ತದೆ. ವೆಚ್ಚವನ್ನು ಹಂಚುವಾಗ ಒಂದು ಎಚ್ಚರಿಕೆ ಅಗತ್ಯ. ದೂರುಗಳ ಸಂಖ್ಯೆಗೆ ಅನುಗುಣವಾಗಿ ಶುಲ್ಕ ವಿಧಿಸಬಾರದು. ಹಾಗೆ ಮಾಡಿದರೆ ತಿಂಗಳ ಬಿಲ್ಲೇ ಗುಟ್ಟನ್ನು ರಟ್ಟು ಮಾಡುತ್ತದೆ. ಜೊತೆಗೆ ಖರ್ಚು ಉಳಿಸಲು ದೂರುಗಳನ್ನೇ ತಡೆಯುವ ಪ್ರವೃತ್ತಿ ಮಾಲೀಕರಲ್ಲಿ ಹುಟ್ಟುತ್ತದೆ. ಅರ್ಧ ವೆಚ್ಚವನ್ನು ಸಮಾನವಾಗಿ, ಉಳಿದರ್ಧವನ್ನು ನೌಕರರ ಸಂಖ್ಯೆಯ ಆಧಾರದ ಮೇಲೆ ಹಂಚುವುದು ಸೂಕ್ತ. ಉದಾಹರಣೆಗಾಗಿ, ವಾರ್ಷಿಕ ವೆಚ್ಚ 3,60,000 ರೂಪಾಯಿ, ಘಟಕಗಳು 40, ಒಟ್ಟು ನೌಕರರು 6,000 ಎಂದು ಭಾವಿಸಿದರೆ, ಪ್ರತಿ ಘಟಕಕ್ಕೆ ಸಮಪಾಲು 4,500 ರೂಪಾಯಿ. ನೌಕರನೊಬ್ಬನಿಗೆ 30 ರೂಪಾಯಿ. 20 ನೌಕರರ ಘಟಕದ ಪಾಲು 5,100 ರೂಪಾಯಿ; 100 ನೌಕರರ ಘಟಕದ್ದು 7,500 ರೂಪಾಯಿ.

ಉಪಸಂಹಾರ

ಅನಾಮಧೇಯತೆ ಎಂಬುದು ಪುಕ್ಕಟೆಯಾಗಿ ದೊರೆಯುವ ವಸ್ತುವಲ್ಲ. ಅದರ ಬೆಲೆಯನ್ನು ಯಾರಾದರೂ ತೆರಲೇಬೇಕು: ನಿರ್ವಾಹಕನು ಸಮಯ ಮತ್ತು ಅಪಾಯದ ರೂಪದಲ್ಲಿ, ಬಳಕೆದಾರನು ವಿಳಂಬದ ರೂಪದಲ್ಲಿ, ಕೆಲವೊಮ್ಮೆ ನಿರಪರಾಧಿ ಮೂರನೆಯವರು ತೊಂದರೆಯ ರೂಪದಲ್ಲಿ. ಒಬ್ಬನೇ ಹೊತ್ತಾಗ ಫಿನ್‌ಲೆಂಡಿನ ಸೇವೆ ಕುಸಿಯಿತು. ಹಲವರು ಹೊತ್ತಾಗ ಜಾಲವು ವರ್ಷಗಟ್ಟಲೆ ಬಾಳಿತಾದರೂ ಹೊಣೆಗಾರಿಕೆಯ ಪಾಲು ಸಮನಾಗಿ ಹಂಚಿಹೋಗಲಿಲ್ಲ. ಸದಸ್ಯ ಸಂಸ್ಥೆಗಳು ತಮ್ಮ ಜಾಗೃತ ವ್ಯವಸ್ಥೆಯನ್ನು ರೂಪಿಸುವಾಗ ಹಣದ ಲೆಕ್ಕದ ಜೊತೆಗೆ ಹೊಣೆಯ ಲೆಕ್ಕವನ್ನೂ ಬರವಣಿಗೆಯಲ್ಲಿ ಇಡುವುದು ಅವಶ್ಯ. ದೂರು ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ, ಏನನ್ನು ದಾಖಲಿಸಲಾಗುತ್ತಿದೆ, ಅದನ್ನು ಎಷ್ಟು ದಿನ ಇಡಲಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲೇ ದಾಖಲಿಸಿಕೊಳ್ಳುವುದು ಒಳ್ಳೆಯ ಆರಂಭವಾದೀತು.